ರಾಯಚೂರು ಕಿಲ್ಲಾದ ನಮ್ಮ ಮಾಳಿಗೆ ಮನೆ: ಕೆಡವೋದಾ, ಉಳಿಸಿಕೊಳ್ಳೋದಾ?

ಕಿಲ್ಲಾ ಓಣಿಯವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆ ರಾಯಚೂರು ಕೋಟೆಯ ಒಳಗಿನ ಒಂದು ಓಣಿಯಲ್ಲಿದೆ. ಮುತ್ತಜ್ಜ ಕಟ್ಟಿಸಿದ ಮಾಳಿಗೆ ಮನೆ. ಎರಡೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ತಲಬಾಗಿಲ ಎರಡೂ ಕಡೆ ಕಟ್ಟೆ. ಒಳಗೆ ಅಂಗಳ, ಪಡಸಾಲೆ, ಆರು ಕಂಬ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು. ನೆಲಕ್ಕೆ ಶಹಾಬಾದ್ ಪರ್ಸಿ. ಹೋದ ಮಳೆಗಾಲದಲ್ಲಿ ಅಡುಗೆಮನೆಯ ಒಂದು ಮೂಲೆ ಕುಸಿಯಿತು. ರಾತ್ರಿ ಬಿದ್ದದ್ದು, ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅಮ್ಮನ ಉಪ್ಪಿನಕಾಯಿ ಭರಣಿ ಮಾತ್ರ ಹೋಯಿತು. ಅಮ್ಮ ಗೋಡೆಗಿಂತ ಜಾಸ್ತಿ ಅದಕ್ಕೇ ಅತ್ತರು.

ನಾವು ಮೂವರು ಅಣ್ಣತಮ್ಮಂದಿರು. ಅಣ್ಣ ಹೈದರಾಬಾದಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಇಬ್ಬರದೂ ಒಂದೇ ಮಾತು. ಕೆಡವಿ, ಮೂರು ಅಂತಸ್ತು ಎಬ್ಬಿಸಿ, ಕೆಳಗೆ ಎರಡು ಮಳಿಗೆ ಬಾಡಿಗೆಗೆ ಕೊಡೋಣ ಅನ್ನುತ್ತಾರೆ. ಅಮ್ಮ, ನಾನಿರುವ ತನಕ ಒಂದು ಕಲ್ಲು ಮುಟ್ಟಬೇಡಿ ಅನ್ನುತ್ತಾರೆ. ನಡುವೆ ನಾನು.

ಇದರ ನಡುವೆ ಹೋದ ತಿಂಗಳು ಒಂದು ಸಣ್ಣ ಘಟನೆ ಆಯಿತು. ಪುಣೆಯಿಂದ ಬಂದ ಗಂಡ ಹೆಂಡತಿ ಓಣಿಯಲ್ಲಿ ದಾರಿ ತಪ್ಪಿ ನಿಂತಿದ್ದರು. ಕೋಟೆ ಗೋಡೆಯ ಶಾಸನದ ಕಲ್ಲು ನೋಡಬೇಕಿತ್ತಂತೆ. ಕರೆದುಕೊಂಡು ಹೋಗಿ ತೋರಿಸಿದೆ. ಬಿಸಿಲು ಜೋರಿತ್ತು. ವಾಪಸ್ ಬರುವಾಗ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. ಆಮೇಲೆ ಒಳಗೆ ಬಂದು ಪಡಸಾಲೆ ನೋಡಿದರು, ನೋಡುತ್ತಲೇ ಇದ್ದರು. ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ. ಇಲ್ಲಿನ ಊಟ ಎಲ್ಲಿ ಸಿಗುತ್ತದೆ? ಇಲ್ಲೆಲ್ಲಾದರೂ ಶೌಚಾಲಯ ಇದೆಯಾ? ಎರಡಕ್ಕೂ ನಮ್ಮ ಮನೆಯೇ ಉತ್ತರ ಆಯಿತು. ಸಂಜೆ ಅವರು ಹಂಪಿಗೆ ಹೊರಟರು. ರಾಯಚೂರಿನಲ್ಲಿ ಇದ್ದದ್ದು ಬರೀ ನಾಲ್ಕು ಗಂಟೆ.

ಅವತ್ತಿನಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಇಂಥ ಮನೆಗಳನ್ನು, ಇಂಥ ಓಣಿಯನ್ನು ಸರಿಮಾಡಿ, ನೋಡಲು ಬರುವವರಿಂದ ನಾಲ್ಕು ಕಾಸು ಬರುವ ಹಾಗೆ ಮಾಡಲು ಆಗುತ್ತದಾ? ಇಲ್ಲ ಇದು ಸುಮ್ನೆ ಹಗಲುಗನಸಾ? ಗೊತ್ತಿರುವವರು ಹೇಳಿ. ಬೈದರೂ ಪರವಾಗಿಲ್ಲ.


ಮಂಗಳವಾರಪೇಟೆ ಸೊಸೆ

ಬೈಯಬಹುದು ಅಂದಿರಲ್ಲ, ನಾನೇ ಶುರು ಮಾಡುತ್ತೇನೆ.

ನಾನು ಮದುವೆಯಾಗಿ ಬಂದದ್ದು ಇಂಥದೇ ಮನೆಗೆ. ಹದಿನೆಂಟು ವರ್ಷ ಅಡುಗೆ ಮಾಡಿದ್ದೇನೆ. ಸಾರಿಗೆ ಒಗ್ಗರಣೆ ಹಾಕುವಾಗ ಮೇಲಿನಿಂದ ಮಣ್ಣು ಉದುರುತ್ತದೆ. ಜಂತಿ ಸಂದಿಯಲ್ಲಿ ಚೇಳು. ಬೆಳಕಿಂಡಿ ಮುಚ್ಚಲು ಮಳೆಯಲ್ಲಿ ಏಣಿ ಹತ್ತಬೇಕು, ಹತ್ತುವವರು ಯಾರು ಅಂತ ಬೇರೆ ಹೇಳಬೇಕಾ? ಬಚ್ಚಲು ಒಂದು ಕಡೆ, ಪಾಯಖಾನೆ ಹಿತ್ತಲ ಕೊನೆಗೆ. ಬಾಣಂತಿಯಾದಾಗ ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು ಹೋದದ್ದು ನಾನು. ಪರಂಪರೆ ಅಂತ ಮಾತಾಡುವವರು ಒಂದು ಮಳೆಗಾಲ ಈ ಮನೆಯಲ್ಲಿ ಸಂಸಾರ ಮಾಡಿ ಆಮೇಲೆ ಮಾತಾಡಲಿ.

ಆದರೆ ಒಂದು ಸತ್ಯ ಹೇಳಿಬಿಡುತ್ತೇನೆ. ನಾವು ಆರು ವರ್ಷದ ಹಿಂದೆ ಕೆಡವಿ ಸ್ಲ್ಯಾಬ್ ಮನೆ ಕಟ್ಟಿದೆವು. ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಕಾವಲಿ. ಮೂರು ಕೂಲರ್ ಇವೆ. ಹಳೆ ಮನೆಯ ಪಡಸಾಲೆಯಲ್ಲಿ ಪರ್ಸಿ ಮೇಲೆ ಸುಮ್ನೆ ಮಲಗಿದರೆ ನಿದ್ದೆ ಬರುತ್ತಿತ್ತು. ಅತ್ತೆ ಈಗಲೂ ಅದನ್ನೇ ಹೇಳಿ ನನ್ನ ತಲೆ ತಿನ್ನುತ್ತಾರೆ.


ಗಚ್ಚು ಗಾರೆ

ಕಿಲ್ಲಾ ಓಣಿಯವರೇ, ನಾನು ಸಿವಿಲ್ ಇಂಜಿನಿಯರ್. ಹಳೆ ಕಟ್ಟಡದ ರಿಪೇರಿ ಕೆಲಸ ಮಾಡುತ್ತೇನೆ. ಮೂರು ಪ್ರಶ್ನೆ. ಕುಸಿದ ಮೂಲೆಗೆ ಹಿಂದೆ ಯಾವತ್ತಾದರೂ ಸಿಮೆಂಟ್ ಗಿಲಾವು ಮಾಡಿದ್ದಿರಾ? ಮಾಳಿಗೆ ಮೇಲೆ ಸಿಮೆಂಟ್ ಹಾಕಿದ್ದಿರಾ? ಮಳೆನೀರಿನ ದೋಣಿ ಎಲ್ಲಿಗೆ ಬೀಳುತ್ತದೆ?


ಕಿಲ್ಲಾ ಓಣಿಯವ

ಹೌದು ಸರ್. ಅಪ್ಪ ಇದ್ದಾಗ ಅಡುಗೆಮನೆಗೆ ಒಳಗೂ ಹೊರಗೂ ಸಿಮೆಂಟ್ ಮಾಡಿಸಿದ್ದರು. ಮಾಳಿಗೆ ಮೇಲೂ ಎರಡಿಂಚು ಹಾಕಿಸಿದರು, ಸೋರಬಾರದು ಅಂತ. ದೋಣಿ ಮುರಿದು ಬಹಳ ದಿನ ಆಯಿತು. ನೀರು ಗೋಡೆ ಬುಡಕ್ಕೇ ಬೀಳುತ್ತದೆ. ನಿಮಗೆ ಹೇಗೆ ಗೊತ್ತಾಯಿತು?


ಗಚ್ಚು ಗಾರೆ

ನೂರಕ್ಕೆ ತೊಂಬತ್ತು ಮನೆಯಲ್ಲಿ ಇದೇ ಕತೆ, ಅದಕ್ಕೇ ಗೊತ್ತು.

ನಿಮ್ಮ ಗೋಡೆ ಎರಡು ಮುಖದ ಕಲ್ಲಿನ ಗೋಡೆ. ನಡುವೆ ಮಣ್ಣು, ಚೂರುಕಲ್ಲು ತುಂಬಿರುತ್ತಾರೆ. ಬುಡದಿಂದ ತೇವ ಏರುತ್ತದೆ, ಬಿಸಿಲಿಗೆ ಮೇಲ್ಮೈಯಿಂದ ಆರುತ್ತದೆ. ಅದು ಗೋಡೆಯ ಉಸಿರು ಇದ್ದ ಹಾಗೆ. ಸುಣ್ಣದ ಗಾರೆಗೆ ಸಣ್ಣ ಸಣ್ಣ ರಂಧ್ರ ಇರುವುದರಿಂದ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಹಾಕಿದರೆ ಬಾಯಿ ಕಟ್ಟಿದ ಹಾಗೆ. ತೇವ ಒಳಗೇ ಉಳಿದು ನಡುವಿನ ಮಣ್ಣು ಮೆತ್ತಗಾಗುತ್ತದೆ, ಉಪ್ಪು ಕಟ್ಟುತ್ತದೆ, ಒಂದು ದಿನ ಮುಖದ ಕಲ್ಲು ಹೊಟ್ಟೆ ಬಿಟ್ಟು ಬೀಳುತ್ತದೆ. ಮಾಳಿಗೆ ಕತೆಯೂ ಹಾಗೇ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹಾಕುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ಆ ಮಣ್ಣು ನೀರು ಬಿದ್ದ ಕೂಡಲೇ ಬಿಗಿಯುತ್ತದೆ, ಹುಲ್ಲೂ ಬೆಳೆಯುವುದಿಲ್ಲ. ಮರದ ಜಂತಿ ಬಿಸಿಲು ಮಳೆಗೆ ಸ್ವಲ್ಪ ಬಾಗುತ್ತದೆ, ಏಳುತ್ತದೆ. ಮಣ್ಣು ಅದರ ಜೊತೆ ಹೊಂದಿಕೊಳ್ಳುತ್ತದೆ. ಸಿಮೆಂಟ್ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರು ಆರಲು ದಾರಿ ಇಲ್ಲದೆ ಜಂತಿ ತುದಿ ಕೊಳೆಯುತ್ತದೆ. ಸೋರುವುದು ನಿಂತಿದೆ ಅಂತ ನೀವು ಅಂದುಕೊಂಡಿರುತ್ತೀರಿ, ಒಳಗೆ ಕೊಳೆಯುತ್ತಿರುತ್ತದೆ.

ಹಾಗಾಗಿ ಮನೆ ಹಳೆಯದಾಗಿ ಬೀಳಲಿಲ್ಲ. ರಿಪೇರಿಯಿಂದ ಬಿತ್ತು. ಕೆಡವುವ ತೀರ್ಮಾನ ಮಾಡುವ ಮುಂಚೆ ಮೊದಲು ದೋಣಿ ಸರಿಮಾಡಿಸಿ, ನೀರು ಗೋಡೆಯಿಂದ ಮೂರು ಅಡಿ ಆಚೆ ಬೀಳಲಿ. ಉಳಿದ ಸಿಮೆಂಟ್ ಗಿಲಾವು ಮೆಲ್ಲಗೆ ಬಿಡಿಸಿ, ಒಂದು ಬೇಸಿಗೆ ಗೋಡೆ ಆರಲು ಬಿಡಿ. ಜಂತಿಗಳ ತುದಿಯನ್ನು ಉಳಿಯಿಂದ ಚುಚ್ಚಿ ನೋಡಿ. ಗಟ್ಟಿ ಇದ್ದರೆ ಉಳಿಸಿಕೊಳ್ಳಿ, ಪೊಳ್ಳಾಗಿದ್ದರೆ ಅದೊಂದನ್ನೇ ಬದಲಿಸಿ.

ಸೊಸೆಯವರೇ, ನೀವು ಹೇಳಿದ್ದು ಪೂರ್ತಿ ಸರಿ. ಜಂತಿ ಕೆಳಗೆ ಹಲಗೆ ಹೊದಿಸಿದರೆ ಮಣ್ಣು ಉದುರುವುದು ನಿಲ್ಲುತ್ತದೆ. ಬಚ್ಚಲು, ಪಾಯಖಾನೆ, ಹೊಸ ಅಡುಗೆಮನೆಯನ್ನು ಹಿತ್ತಲಲ್ಲಿ ಬೇರೆ ಪಾಯ ಹಾಕಿ ಆರ್‌ಸಿಸಿಯಲ್ಲೇ ಕಟ್ಟಬಹುದು. ಹಳೆ ಗೋಡೆಗೆ ತಾಗಿಸಬಾರದು, ಅಷ್ಟೇ. ಹಳೆಯದನ್ನು ಉಳಿಸುವುದು ಅಂದರೆ ಹಳೆ ಕಷ್ಟವನ್ನೂ ಉಳಿಸುವುದು ಅಂತ ಯಾರು ಹೇಳಿದ್ದು?


ಮಂಗಳವಾರಪೇಟೆ ಸೊಸೆ

ಇದನ್ನು ಆರು ವರ್ಷದ ಹಿಂದೆ ಹೇಳಬಾರದಿತ್ತಾ ಸರ್.


ಗಂಜ್ ವ್ಯಾಪಾರಿ

ಎಲ್ಲರೂ ಚೆಂದ ಬರೆದಿದ್ದೀರಿ. ಲೆಕ್ಕ ಯಾರೂ ಬರೆದಿಲ್ಲ.

ನಾನು ರಾಜೇಂದ್ರ ಗಂಜಿನಲ್ಲಿ ಹತ್ತಿ, ಭತ್ತದ ವ್ಯಾಪಾರ ಮಾಡುತ್ತೇನೆ. ರಾಯಚೂರಿಗೆ ಜನ ಬರುವುದು ಮಾಲು ಮಾರಲು, ಆಸ್ಪತ್ರೆಗೆ, ಇಲ್ಲ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ರೈಲು ಇಳಿಯಲು. ಕೋಟೆ ನೋಡಲು ಅಲ್ಲ. ಏಪ್ರಿಲ್, ಮೇನಲ್ಲಿ ನಲವತ್ತೆರಡು ಡಿಗ್ರಿ ಬಿಸಿಲು. ಆಗ ನಿಮ್ಮ ಪುಣೆಯವರು ಬರುತ್ತಾರಾ? ಎರಡು ಮಳಿಗೆ ಬಾಡಿಗೆ ಬಂದರೆ ತಿಂಗಳ ಒಂದನೇ ತಾರೀಖು ಕೈಗೆ ದುಡ್ಡು. ಪ್ರವಾಸಿಗರನ್ನು ನಂಬಿದರೆ ಕಟ್ಟೆ ಮೇಲೆ ಕೂತು ದಾರಿ ಕಾಯುವುದೇ ಕೆಲಸ.

ಇನ್ನೊಂದು. ಹಳೆಪೇಟೆ ಉಳಿಸಬೇಕು ಅನ್ನುವವರು ಸಾಮಾನ್ಯವಾಗಿ ಹೊಸ ಬಡಾವಣೆಯಲ್ಲಿ ಕಾರ್ ನಿಲ್ಲಿಸಲು ಜಾಗ ಇರುವ ಮನೆಯಲ್ಲಿರುತ್ತಾರೆ. ನಿಮ್ಮ ಓಣಿಗೆ ಆಂಬುಲೆನ್ಸ್ ಬರುತ್ತದಾ, ಹೇಳಿ.


ಕಿಲ್ಲಾ ಓಣಿಯವ

ಬರುವುದಿಲ್ಲ ಕಾಕಾ. ಅಪ್ಪನನ್ನು ಮೂಲೆಯ ತನಕ ಮಂಚದ ಮೇಲೆ ಹೊತ್ತುಕೊಂಡು ಹೋದೆವು.


ತೀನ್ ಕಂದೀಲ್ ಚಹಾ

ಈ ಮಾತಿಗೆ ಏನು ಉತ್ತರ ಕೊಡೋದು. ಆದರೂ ಓದುತ್ತಾ ಇದ್ದೇನೆ, ಮುಂದುವರಿಸಿ.


ಬಳ್ಳಾರಿ ಗುಡ್ಡ

ಪಕ್ಕದ ಊರಿನವನು, ಬಾಯಿ ಹಾಕಬಹುದಾ?

ನಮ್ಮ ಬಳ್ಳಾರಿಯಲ್ಲಿ ಕೋಟೆ ಊರಿನ ನಡುವೆ ಗುಡ್ಡದ ಮೇಲಿದೆ. ಎಲ್ಲಿಂದ ನೋಡಿದರೂ ಕಾಣುತ್ತದೆ. ಹೈದರಾಲಿ ಕೋಟೆ ಕಟ್ಟಿಸಿದ ಮೇಲೆ ಪಕ್ಕದ ಕುಂಬಾರಗುಡ್ಡ ಇದಕ್ಕಿಂತ ಎತ್ತರ ಇದೆ ಅಂತ ಗೊತ್ತಾಗಿ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೆ ಹಾಕಿಸಿದ ಅನ್ನುವ ಕತೆ ನಮ್ಮಲ್ಲಿ ಪ್ರತಿ ಮಗುವಿಗೂ ಗೊತ್ತು. ಅದೇ ಮಗುವಿಗೆ ಕೌಲ್ ಬಜಾರ್ ಹೆಸರು ಯಾಕೆ ಬಂತು, ಬ್ರೂಸ್‌ಪೇಟೆ ಯಾರ ಹೆಸರು ಅಂತ ಕೇಳಿದರೆ ಗೊತ್ತಿಲ್ಲ. ಗುಡ್ಡಕ್ಕೆ ದೀಪ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ. ಗುಡ್ಡದ ಕೆಳಗೆ ಓಣಿಯಲ್ಲಿ ಚರಂಡಿ ತುಂಬಿದ್ದರೆ ಫೋಟೊದಲ್ಲಿ ಬರುವುದಿಲ್ಲ. ನಮ್ಮ ಊರುಗಳ ಪರಂಪರೆ ಕೆಲಸ ಎಲ್ಲ ಈ ಫೋಟೊ ಲೆಕ್ಕದಲ್ಲೇ ನಡೆಯುತ್ತದೆ.

ಕಾನೂನಿನ ಒಂದು ಮಾತು, ಇದು ನಿಮಗೆ ಬಹಳ ಮುಖ್ಯ. ನಿಮ್ಮ ಹತ್ತಿರದ ಸ್ಮಾರಕ ಯಾರ ಪಟ್ಟಿಯಲ್ಲಿದೆ ಅಂತ ಮೊದಲು ವಿಚಾರಿಸಿ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯದ್ದಾದರೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಲಾಗೂ ಆಗುತ್ತದೆ. ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಆದರೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಬಹುದು. ಅದರಾಚೆ ಇನ್ನು 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಅನುಮತಿ ಬೇಕು. ರಾಜ್ಯದ ಪಟ್ಟಿಯಲ್ಲಿದ್ದರೆ ನಿಯಮ ಬೇರೆ. ನಿಮ್ಮ ಅಣ್ಣ ಮೂರು ಅಂತಸ್ತಿನ ನಕ್ಷೆ ಹಾಕಿಸಿ, ಹಳೆ ಮನೆ ಕೆಡವಿದ ಮೇಲೆ ಅನುಮತಿ ಇಲ್ಲ ಅಂದರೆ ಎರಡೂ ಹೋಯಿತು. ಇದನ್ನು ಅಣ್ಣನಿಗೆ ಇವತ್ತೇ ಫೋನ್ ಮಾಡಿ ಹೇಳಿ.


ನಕ್ಷೆ ಹುಡುಗಿ

ವ್ಯಾಪಾರಿ ಅಂಕಲ್ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಪ್ರವಾಸೋದ್ಯಮ ಅಂದರೆ ಹೋಟೆಲ್, ಬಸ್ಸು, ಟಿಕೆಟ್ ಅಂತಲೇ ಯಾಕೆ ಅಂದುಕೊಳ್ಳಬೇಕು?

ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಊರು ಸಿಂಧನೂರು. ಕಾಲೇಜಿನಿಂದ ಅಹಮದಾಬಾದಿಗೆ ಹೋಗಿದ್ದೆವು. ಅಲ್ಲಿನ ಹಳೆಪೇಟೆಯಲ್ಲಿ ಪೋಳ್ ಅಂತ ಇವೆ. ಒಂದು ಬಾಗಿಲು, ಒಳಗೆ ಓಣಿ, ಎರಡೂ ಕಡೆ ಮರದ ಕೆತ್ತನೆಯ ಮನೆಗಳು. 1997ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಬೆಳಗಿನ ಒಂದು ನಡಿಗೆ ಶುರು ಮಾಡಿತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಗೆ ಮುಗಿಯುತ್ತದೆ. ಅದಕ್ಕೆ ಬೇಕಾದದ್ದು ಒಬ್ಬ ಮಾತುಗಾರ, ಒಂದು ದಾರಿ, ಬೆಳಗಿನ ಎರಡು ಗಂಟೆ. ಇಪ್ಪತ್ತು ವರ್ಷ ಆದ ಮೇಲೆ, 2017ರಲ್ಲಿ, ಆ ಹಳೆಪೇಟೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮೊದಲು ಬಂದದ್ದು ನಡಿಗೆ, ಕಿರೀಟ ಆಮೇಲೆ.

ಅಲ್ಲಿ ಇನ್ನೊಂದು ಉಪಾಯ ಇದೆ, ಬಾಡಿಗೆ ಲೆಕ್ಕಕ್ಕೆ ಉತ್ತರ ಅದು. ಹಳೆ ಮನೆಯ ಜಾಗದಲ್ಲಿ ನಿಯಮದ ಪ್ರಕಾರ ನಾಲ್ಕು ಅಂತಸ್ತು ಕಟ್ಟಬಹುದಿತ್ತು, ಮನೆ ಉಳಿಸಿದ್ದರಿಂದ ಎರಡೇ ಇವೆ ಅಂತಿಟ್ಟುಕೊಳ್ಳಿ. ಉಳಿದ ಎರಡು ಅಂತಸ್ತಿನ ಹಕ್ಕನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ದುಡ್ಡಿನಿಂದ ಮನೆ ರಿಪೇರಿ. ಇದಕ್ಕೆ ಟಿಡಿಆರ್ ಅನ್ನುತ್ತಾರೆ. ರಸ್ತೆ ಅಗಲ ಮಾಡುವಾಗ ಜಾಗ ಬಿಟ್ಟುಕೊಟ್ಟವರಿಗೆ ಟಿಡಿಆರ್ ಕೊಡುವುದು ನಮ್ಮ ರಾಜ್ಯದಲ್ಲೂ ಇದೆ. ಹಳೆ ಮನೆಯನ್ನು ಉಳಿಸಿಕೊಂಡವರಿಗೆ ಯಾಕೆ ಕೊಡಬಾರದು ಅಂತ ನಾವು ಕೇಳಬೇಕು.

ಇನ್ನು ವಿನ್ಯಾಸದ ಬಗ್ಗೆ. ನನಗೆ ಸಿಟ್ಟು ಬರುವುದು ಇಲ್ಲೇ. ಹೆಸರು ಬೇಡ, ಒಂದು ಊರಿನಲ್ಲಿ ಹಳೆ ಬೀದಿಗೆ ಪರಂಪರೆಯ ನೋಟ ಕೊಡುತ್ತೇವೆ ಅಂತ ಎಲ್ಲ ಅಂಗಡಿಗೂ ಒಂದೇ ಬಣ್ಣ ಬಳಿದರು. ಸಿಮೆಂಟಿನ ಕಮಾನು ನಿಲ್ಲಿಸಿದರು. ಪ್ಲಾಸ್ಟಿಕ್ ಲಾಟೀನು ತೂಗುಹಾಕಿದರು. ಹಳೆ ಕಲ್ಲಿನ ಹಾಸು ಕಿತ್ತು ಪೇವರ್ ಹಾಕಿದರು. ನೂರು ವರ್ಷದ ನಿಜವಾದ ಬಾಗಿಲ ಮೇಲೆ ಫ್ಲೆಕ್ಸ್ ಹಾಗೇ ಇದೆ! ಅದಕ್ಕೆ ಬದಲಾಗಿ ತೂಗಾಡುವ ವೈರು ನೆಲದೊಳಗೆ ಹಾಕಿ, ಚರಂಡಿಗೆ ಮುಚ್ಚಳ ಹಾಕಿ, ಅಂಗಡಿ ಬೋರ್ಡಿಗೆ ಒಂದು ಅಳತೆ ನಿಗದಿ ಮಾಡಿ, ಕೂರಲು ಕಟ್ಟೆ, ನೆರಳಿಗೆ ಬೇವು, ಒಂದು ಸ್ವಚ್ಛ ಶೌಚಾಲಯ ಕೊಟ್ಟಿದ್ದರೆ ಬೀದಿ ತಾನೇ ಚೆಂದ ಕಾಣುತ್ತಿತ್ತು. ಈ ಎಲ್ಲವೂ ಅಲ್ಲೇ ಇರುವವರಿಗೆ ಮೊದಲು ಬೇಕಾದದ್ದು. ಬಂದವರಿಗೆ ಅದೇ ಸಾಕು.

ಆಂಬುಲೆನ್ಸ್ ವಿಷಯಕ್ಕೂ ಉತ್ತರ ರಸ್ತೆ ಅಗಲೀಕರಣ ಒಂದೇ ಅಲ್ಲ. ಓಣಿಯ ಬಾಯಲ್ಲಿ ನಿಲ್ಲಿಸಿದ ಬೈಕು, ಆಟೊ, ಮುಂದಕ್ಕೆ ಚಾಚಿದ ಮೆಟ್ಟಿಲು, ಜನರೇಟರ್ ತೆಗೆದರೆ ಎಷ್ಟೋ ಓಣಿಗೆ ಸಣ್ಣ ವ್ಯಾನ್ ಬರುತ್ತದೆ. ಒಂದು ಸಲ ಟೇಪು ಹಿಡಿದು ಅಳೆದು ನೋಡಿ.


ಏಕ್ ಮಿನಾರ್ ಗಲ್ಲಿ

ಅಸ್ಸಲಾಮು ಅಲೈಕುಂ, ನಮಸ್ಕಾರ ಎಲ್ಲರಿಗೂ. ಮಂದಿರದಿಂದ ಮಸೀದಿ ತನಕ ನಡಿಗೆ ಅಂತ ಓದಿ ಬರೆಯಬೇಕು ಅನ್ನಿಸಿತು.

ನಮ್ಮ ಏಕ್ ಮಿನಾರ್ ಕೀ ಮಸೀದಿ ಬಹಮನಿ ಕಾಲದ್ದು, 1513ರ ಸುಮಾರಿನದು. ಹೆಸರೇ ಹೇಳುವ ಹಾಗೆ ಒಂದೇ ಮಿನಾರು, ಸುಮಾರು 65 ಅಡಿ. ಬೀದರಿನ ಮಹಮೂದ್ ಗವಾನ್ ಮದರಸಾದ ಮಿನಾರು ನೋಡಿದವರು ಇದನ್ನು ನೋಡಿದರೆ ಅಣ್ಣತಮ್ಮ ಅನ್ನುತ್ತಾರೆ. ಕಟ್ಟಿದ ಏಳು ವರ್ಷಕ್ಕೇ ಇದರ ಕಣ್ಣೆದುರು ದೊಡ್ಡ ಯುದ್ಧ ನಡೆಯಿತು. 1520ರ ಮೇ 19, ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹ. ಎರಡು ನದಿ ನಡುವಿನ ಈ ದೋಆಬ್‌ಗಾಗಿ ಎಷ್ಟು ರಾಜರು ಕಿತ್ತಾಡಿದರೋ. ಕೋಟೆ ಬೀಳಿಸಲು ರಾಯನ ಕಡೆ ಪೋರ್ಚುಗೀಸ್ ಬಂದೂಕಿನವರೂ ಇದ್ದರು. ಕಾಕತೀಯ, ಬಹಮನಿ, ವಿಜಯನಗರ, ಬಿಜಾಪುರ, ನಿಜಾಮ, ಎಲ್ಲರೂ ಬಂದು ಒಂದೊಂದು ಗುರುತು ಬಿಟ್ಟು ಹೋದರು. ನಮ್ಮ ಭಾಷೆಯೂ ಹಾಗೇ ಅಲ್ವಾ? ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಗಿರಾಕಿ ಜೊತೆ ತೆಲುಗು. ಈ ಕತೆ ಹೇಳುವವರು ಒಂದು ಕಾಲವನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗಬಾರದು. ನನ್ನ ಷರತ್ತು ಅದೊಂದೇ.

ಕಿಲ್ಲಾ ಭಾಯ್, ನೀವು ನಡಿಗೆ ಶುರು ಮಾಡಿದರೆ ನಮ್ಮ ಗಲ್ಲಿಯ ಹೊಣೆ ನನ್ನದು. ನಮಾಜಿನ ಹೊತ್ತು ಬಿಟ್ಟು ಬನ್ನಿ. ಚಹಾ, ಉಸ್ಮಾನಿಯಾ ಬಿಸ್ಕತ್ತು ನಮ್ಮ ಕಡೆಯಿಂದ.

ಮಾವಿನಕೆರೆ ಬಗ್ಗೆಯೂ ಯಾರಾದರೂ ಮಾತಾಡಿ. ನಮ್ಮ ಅಜ್ಜ ಆಮ್ ತಲಾಬ್ ಅನ್ನುತ್ತಿದ್ದರು. ಕೋಟೆ ಬೆಟ್ಟದ ಬುಡದಲ್ಲಿ ನೀರಿದ್ದರೆ ಊರಿನ ಗಾಳಿಯೇ ಬೇರೆ. ಊರಿನ ಕೊಳಕು ನೀರು ಅದಕ್ಕೆ ಹೋಗುತ್ತಿರುವ ತನಕ ಕೋಟೆಗೆ ಎಷ್ಟು ಬಣ್ಣದ ದೀಪ ಹಾಕಿದರೇನು.


ಆನೆಗೊಂದಿ ದಡ

ಕೊಪ್ಪಳ ಜಿಲ್ಲೆಯಿಂದ. ನಾನು ಒಂದು ಎಚ್ಚರಿಕೆ ಹೇಳಲೇಬೇಕು.

ಹಂಪಿ 1986ರಲ್ಲೇ ವಿಶ್ವ ಪರಂಪರೆ ಪಟ್ಟಿಗೆ ಬಂತು. ಆಮೇಲೆ ಏನಾಯಿತು ನೋಡಿ. 2011ರಲ್ಲಿ ವಿರೂಪಾಕ್ಷ ಗುಡಿ ಎದುರಿನ ಬಜಾರಿನಲ್ಲಿ ಸಂಸಾರ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಹೊಳೆ ಈಚೆ ವಿರುಪಾಪುರ ಗಡ್ಡೆಯಲ್ಲಿ ಭತ್ತದ ಗದ್ದೆ ನಡುವೆ ರೆಸಾರ್ಟ್ ಮೇಲೆ ರೆಸಾರ್ಟ್ ಎದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಎಲ್ಲವನ್ನೂ ಕೆಡವಿದರು. ನಮ್ಮ ಹುಡುಗರು ಎಷ್ಟೋ ಜನ ಅಲ್ಲೇ ಕೆಲಸಕ್ಕಿದ್ದರು. ಒಂದೇ ತಿಂಗಳಲ್ಲಿ ಕೆಲಸ ಹೋಯಿತು, ಹಿಂದೆಯೇ ಲಾಕ್‌ಡೌನ್ ಬಂತು. ಒಬ್ಬನೇ ಗಿರಾಕಿಯನ್ನು ನಂಬಿದ ಅಂಗಡಿ ಹೀಗೇ ಮುಳುಗುವುದು.

ಆದರೆ ಇದೇ ದಡದಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆದಿದೆ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ 1997ರಿಂದ ಇದೆ. ಹಳೆ ಮನೆಗಳ ದುರಸ್ತಿ, ಬಾಳೆನಾರಿನಿಂದ ಚೀಲ, ಬುಟ್ಟಿ ಮಾಡುವ ಕೆಲಸ. ಅದರಲ್ಲಿ ಕೂತಿರುವುದು ಊರಿನ ಹೆಣ್ಣುಮಕ್ಕಳೇ. ಪ್ರವಾಸಿಗರು ಬರದಿದ್ದರೂ ಬುಟ್ಟಿ ಬೇರೆ ಊರಿಗೆ ಹೋಗುತ್ತದೆ. ಈ ವ್ಯತ್ಯಾಸ ನೋಡಿ.

ಹೋಮ್‌ಸ್ಟೇ ಬಗ್ಗೆ ನನ್ನ ಅನುಭವ ಇಷ್ಟೇ. ಮನೆಯವರು ಮನೆಯಲ್ಲಿ ಇದ್ದರೆ ಅದು ಹೋಮ್‌ಸ್ಟೇ. ಮನೆ ಹೊರಗಿನವರಿಗೆ ಲೀಸಿಗೆ ಕೊಟ್ಟು ನೀವು ಬೇರೆ ಕಡೆ ಹೋದರೆ ಅದು ಲಾಡ್ಜು. ನಮ್ಮ ಪಕ್ಕದವರು ಹಾಗೇ ಕೊಟ್ಟರು. ಈಗ ಅವರ ಓಣಿಯಲ್ಲಿ ರಾತ್ರಿ ಪಾರ್ಟಿ ಹಾಡು, ಬೆಳಿಗ್ಗೆ ರಂಗೋಲಿ ಹಾಕುವವರು ಯಾರೂ ಇಲ್ಲ.


ಗಂಜ್ ವ್ಯಾಪಾರಿ

ಈ ಆನೆಗೊಂದಿಯವರು ನನ್ನ ಕಡೆ ಮಾತಾಡುತ್ತಿದ್ದಾರೋ ಆ ಕಡೆ ಮಾತಾಡುತ್ತಿದ್ದಾರೋ ಗೊತ್ತಾಗಲಿಲ್ಲ. ಆದರೆ ಮಾತು ತೂಕದ್ದು.


ಕಾರಹುಣ್ಣಿಮೆ ಮೇಷ್ಟ್ರು

ತಡವಾಗಿ ಬಂದೆ. ಸರ್ಕಾರಿ ಶಾಲೆಯ ಮೇಷ್ಟ್ರು, ಮಕ್ಕಳನ್ನು ವರ್ಷಕ್ಕೊಮ್ಮೆ ಕೋಟೆಗೆ ಕರೆದುಕೊಂಡು ಹೋಗುವವನು.

ನೀವು ಯಾರೂ ಆ ಶಾಸನದ ಕಲ್ಲಿನ ಬಗ್ಗೆ ಸರಿಯಾಗಿ ಹೇಳಲೇ ಇಲ್ಲ. ಒಳಕೋಟೆಯ ಗೋಡೆಯಲ್ಲಿ ಒಂದೇ ಕಲ್ಲು, ಉದ್ದ 41 ಅಡಿ 8 ಇಂಚು. ಅದರ ಮೇಲೆ ತೆಲುಗು ಶಾಸನ. ಕಾಕತೀಯರ ಕೆಳಗಿದ್ದ ಗೋರೆ ಗಂಗಯ್ಯ 1294ರಲ್ಲಿ ಕೋಟೆ ಕಟ್ಟಿಸಿದ ವಿಷಯ ಅದರಲ್ಲಿದೆ. ಒಳಗೋಡೆಯ ಕಲ್ಲುಗಳ ನಡುವೆ ಸುಣ್ಣ ಇಲ್ಲ, ಗಾರೆ ಇಲ್ಲ, ಒಂದರ ಮೇಲೊಂದು ಕೂರಿಸಿದ್ದಾರೆ. ಮಕ್ಕಳಿಗೆ ಇದೆಲ್ಲ ಹೇಳಿದರೆ ಆಕಳಿಸುತ್ತಾರೆ.

ಆದರೆ ಶಾಸನದ ಪಕ್ಕ ಒಂದು ಚಿತ್ರ ಕೆತ್ತಿದೆ. ಆ ದೊಡ್ಡ ಕಲ್ಲನ್ನು ಬಂಡಿ ಮೇಲೆ ಹೇಗೆ ತಂದರು ಅನ್ನುವ ಚಿತ್ರ. ಗಟ್ಟಿ ಗಾಲಿಯ ಬಂಡಿ, ಸಾಲು ಸಾಲು ಕೋಣ. ಹೊಡೆಯುವವರು ಬಾಲ ತಿರುವುತ್ತಿದ್ದಾರೆ. ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರು ಇದ್ದಾರೆ. ಒಂದು ಸಲ ಇದನ್ನು ತೋರಿಸಿದಾಗ ಹಿಂದಿನ ಸಾಲಿನ ಒಬ್ಬ ಹುಡುಗ ಕೂಗಿದ, ಸರ್, ಇದು ಕಾರಹುಣ್ಣಿಮೆ!

ನನಗೆ ಮೈ ಜುಮ್ಮೆಂದಿತು. ನಿಜ ಅಲ್ವಾ? ಪ್ರತಿ ವರ್ಷ ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ನಮ್ಮ ಊರಿನಲ್ಲಿ ಏನು ಮಾಡುತ್ತಾರೆ? ಎತ್ತಿನ ಜೋಡಿಯಿಂದ ಭಾರದ ಕಲ್ಲು ಎಳೆಸುತ್ತಾರೆ. ಆಂಧ್ರ, ತೆಲಂಗಾಣದಿಂದಲೂ ಎತ್ತು ಬರುತ್ತವೆ. ಸಾವಿರಾರು ಜನ ಸಿಳ್ಳೆ ಹಾಕುತ್ತಾರೆ. ಗೋಡೆಯ ಮೇಲಿನ ಆ ಕೆತ್ತನೆಗೂ ಈ ಜಾತ್ರೆಗೂ ನೇರ ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ, ಅದಕ್ಕೆ ಪುರಾವೆ ಬೇಕು. ಆದರೆ ಆ ಹುಡುಗನಿಗೆ ಅವತ್ತು ಏಳುನೂರು ವರ್ಷ ಹಿಂದಿನವರು ತನ್ನ ಊರಿನವರು ಅನ್ನಿಸಿತು. ನನ್ನ ಪಾಠದಿಂದ ಅದು ಆಗಿರಲಿಲ್ಲ.

ಹಾಗಾಗಿ ವ್ಯಾಪಾರಿಯವರೇ, ನೀವು ಜನ ಬರುವುದಿಲ್ಲ ಅಂದಿರಿ. ಕಾರಹುಣ್ಣಿಮೆಗೆ ಬರುತ್ತಾರೆ. ಬಂದವರು ಕಲ್ಲು ಎಳೆಯುವುದು ನೋಡಿ ಮಿರ್ಚಿ ತಿಂದು ಬಸ್ಸು ಹತ್ತುತ್ತಾರೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಆ ಕೆತ್ತನೆ ಮುಂದೆ ನಿಲ್ಲಿಸಿದರೆ ಹೇಗೆ? ನಮ್ಮ ನಡಿಗೆ ಅಲ್ಲಿಂದ ಶುರುವಾಗಲಿ. ಆಮೇಲೆ ಓಣಿಗಳು, ದರ್ವಾಜಾಗಳು, ಏಕ್ ಮಿನಾರ್, ನವರಂಗ ದರ್ವಾಜಾದ ವಸ್ತುಸಂಗ್ರಹಾಲಯ. ಶಕ್ತಿ ಇದ್ದವರಿಗೆ ಬೆಟ್ಟ. ಇಲ್ಲದವರಿಗೆ ಕಿಲ್ಲಾ ಓಣಿಯವರ ಕಟ್ಟೆ. ರೈಲು ನಿಲ್ದಾಣದ ಕತೆಯೂ ಸೇರಿಸಿ. 1871ರಲ್ಲಿ ಮುಂಬೈ ಕಡೆಯ ಹಳಿ, ಮದರಾಸು ಕಡೆಯ ಹಳಿ ಸೇರಿದ್ದು ನಮ್ಮ ರಾಯಚೂರಿನಲ್ಲೇ. ದೇಶದ ಎರಡು ತುದಿಗೆ ಗಂಟು ಹಾಕಿದ ಊರಿನಲ್ಲಿ ಇಳಿಯುವವರು ಬರೀ ಮಂತ್ರಾಲಯದ ಆಟೊ ಹುಡುಕುತ್ತಾರೆ ಅನ್ನುವುದು ನಮ್ಮದೇ ಸೋಮಾರಿತನ.


ತೀನ್ ಕಂದೀಲ್ ಚಹಾ

ಮೇಷ್ಟ್ರೇ, ಬೆಳಿಗ್ಗೆ ಆರಕ್ಕೆ ಒಗ್ಗರಣೆ ಮಂಡಾಳು ಮಿರ್ಚಿ ರೆಡಿ ಮಾಡಿಸುವುದು ನನಗೆ ಬಿಡಿ. ದುಡ್ಡು ತಗೊಳ್ಳುತ್ತೇನೆ, ಪುಕ್ಕಟೆ ಅಲ್ಲ.


ಮಂಗಳವಾರಪೇಟೆ ಸೊಸೆ

ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬೇಕಾದರೆ ನಾವು ನಾಲ್ಕು ಮಂದಿ ಹೆಣ್ಣುಮಕ್ಕಳಿದ್ದೇವೆ. ನಾನೂ ದುಡ್ಡು ತಗೊಳ್ಳುತ್ತೇನೆ. ಅದೂ ನನ್ನ ಕೈಗೆ, ಮನೆಯವರ ಕೈಗೆ ಅಲ್ಲ.


ಕಿಲ್ಲಾ ಓಣಿಯವ

ಎರಡು ತಿಂಗಳಾಯಿತು ಬರೆದು. ಏನಾಯಿತು ಅಂತ ಹೇಳಬೇಕಲ್ಲ.

ಬಳ್ಳಾರಿಯವರ ಮಾತು ಓದಿಸಿದ ಮೇಲೆ ಅಣ್ಣ ನಕ್ಷೆಯವನಿಗೆ ಕೊಡಬೇಕಿದ್ದ ಮುಂಗಡ ನಿಲ್ಲಿಸಿದ. ಮನೆ ಉಳಿಸಲು ಒಪ್ಪಿದ ಅಂತ ಅಲ್ಲ. ಒಂದು ವರ್ಷ ಟೈಮ್ ಕೊಟ್ಟಿದ್ದಾನೆ. ತಮ್ಮ ಇನ್ನೂ ಮುನಿಸಿನಲ್ಲಿದ್ದಾನೆ. ಅವನ ಲೆಕ್ಕವೂ ತಪ್ಪಲ್ಲ, ಬೆಂಗಳೂರಿನಲ್ಲಿ ಸೈಟಿಗೆ ಸಾಲ ಮಾಡಿದ್ದಾನೆ. ಅವನ ಪಾಲಿಗೆ ಏನಾದರೂ ಬಾಡಿಗೆ ಬರಲಿ ಅಂತ ರಸ್ತೆ ಕಡೆಯ ಒಂದು ಕೋಣೆಯನ್ನು ಟೇಲರಿಗೆ ಕೊಟ್ಟೆವು. ಹಳೆ ಬಾಗಿಲನ್ನು ಕೀಳಬಾರದು, ಶಟರ್ ಹಾಕಬಾರದು ಅನ್ನುವ ಕರಾರಿನ ಮೇಲೆ.

ದೋಣಿ ಹಾಕಿಸಿದೆ. ಸಿಮೆಂಟ್ ಗಿಲಾವು ಬಿಡಿಸಿದಾಗ ಗಚ್ಚು ಗಾರೆ ಸರ್ ಹೇಳಿದ ಹಾಗೇ ಒಳಗಿನ ಮಣ್ಣು ಕಲಸಿದ ಹಿಟ್ಟಿನ ಹಾಗೆ ಒದ್ದೆ ಇತ್ತು. ಜಂತಿ ಹನ್ನೆರಡರಲ್ಲಿ ಮೂರು ಮಾತ್ರ ಹೋಗಿವೆ. ಹಿತ್ತಲಲ್ಲಿ ಬಚ್ಚಲು, ಪಾಯಖಾನೆ ಪಾಯ ಹಾಕಿದ್ದೇವೆ, ಗೋಡೆಗೆ ತಾಗಿಸದೆ. ಅಮ್ಮ ದಿನಕ್ಕೆ ಮೂರು ಸಲ ಹೋಗಿ ನೋಡಿ ಬರುತ್ತಾರೆ.

ಓಣಿಯನ್ನು ಟೇಪು ಹಿಡಿದು ಅಳೆದೆವು. ಅತಿ ಇಕ್ಕಟ್ಟಿನ ಕಡೆ ಏಳು ಅಡಿ ನಾಲ್ಕು ಇಂಚು. ಅಲ್ಲಿ ಚಾಚಿದ್ದದ್ದು ನಮ್ಮದೇ ಮನೆಯ ಮೆಟ್ಟಿಲು, ಅಪ್ಪ ಕಟ್ಟಿಸಿದ್ದು. ಒಡೆಸಿದೆ. ಒಡೆಸುವಾಗ ಮಂಚದ ನೆನಪಾಯಿತು.

ನಡಿಗೆ ಮೂರು ಭಾನುವಾರ ಮಾಡಿದೆವು. ಮೊದಲನೇ ಸಲ ಹನ್ನೊಂದು ಮಂದಿ, ಅದರಲ್ಲಿ ಒಂಬತ್ತು ರಾಯಚೂರಿನವರೇ. ಒಬ್ಬರು ನಲವತ್ತು ವರ್ಷ ಇದೇ ಊರಿನಲ್ಲಿದ್ದು ಆ ಕೆತ್ತನೆ ನೋಡಿರಲಿಲ್ಲ. ಎರಡನೇ ಸಲ ಆರು ಮಂದಿ. ಮೂರನೇ ಸಲ ಹದಿನಾಲ್ಕು. ದುಡ್ಡು ಅಂತ ನೋಡಿದರೆ ಚಹಾದವರಿಗೆ, ರೊಟ್ಟಿ ಅಕ್ಕಂದಿರಿಗೆ ಬಂತು, ನನಗೆ ಇನ್ನೂ ಕೈಯಿಂದಲೇ ಹೋಗುತ್ತಿದೆ.

ಈಗ ಒಂದು ಸಹಾಯ ಬೇಕು. ಗಾರೆ ಕಲಸುವ ಒಬ್ಬ ಅಜ್ಜ ಮಸ್ಕಿ ಕಡೆ ಸಿಕ್ಕಿದ್ದಾರೆ. ಸುಣ್ಣ ಮೂರು ವಾರ ನೆನೆಹಾಕಬೇಕು, ಬೆಲ್ಲ, ಅಳಲೆಕಾಯಿ ನೀರು ಸೇರಿಸಬೇಕು ಅಂದರು. ಮಿಕ್ಸರಿನಲ್ಲಿ ಆಡಿಸಿದರೆ ಆಗುವುದಿಲ್ಲವಂತೆ, ಗಾಣದಲ್ಲಿ ಅರೆದರೇ ಅಂಟು ಬರುತ್ತದಂತೆ. ಮಳೆಗೆ ಮುಂಚೆ ಗೋಡೆ ಮುಗಿಯಬೇಕು. ಸುಣ್ಣ ಅರೆಯುವ ಗಾಣದ ಕಲ್ಲು ಯಾರ ಹಿತ್ತಲಲ್ಲಾದರೂ ಬಿದ್ದಿದ್ದರೆ ದಯವಿಟ್ಟು ಹೇಳಿ.


ಗಂಜ್ ವ್ಯಾಪಾರಿ

ನಮ್ಮ ಹಳೆ ಗೋದಾಮಿನ ಹಿಂದೆ ದುಂಡಗಿನ ಕಲ್ಲೊಂದು ಬಿದ್ದಿದೆ, ನಡುವೆ ತೂತಿದೆ. ನಮ್ಮ ತಾತ ಗೋದಾಮು ಕಟ್ಟಿಸುವಾಗ ತರಿಸಿದ್ದಿರಬೇಕು. ಹುಡುಗರು ಅದರ ಮೇಲೆ ಕೂತು ಬೀಡಿ ಸೇದುತ್ತಾರೆ. ನಾಳೆ ಬಂದು ನೋಡಿ, ಆಗುತ್ತದೆ ಅಂದರೆ ತಗೊಂಡು ಹೋಗಿ.

ಕ್ರೇನ್ ನಿಮ್ಮ ಓಣಿಗೆ ಬರುವುದಿಲ್ಲ. ಎತ್ತಿನ ಜೋಡಿ ತರಿಸಲು ಮೇಷ್ಟ್ರಿಗೆ ಹೇಳಿ, ಕಾರಹುಣ್ಣಿಮೆಗೆ ಹೇಗೂ ತಾಲೀಮು ಬೇಕಲ್ಲ.